ಚಳಿ ತಡೆಯಲಿ, ಬೆವರು ಬಿಡಲಿ: ಸೈಕಲ್ ಜಾಕೆಟ್ ಆರಿಸುವುದು ಹೇಗೆ?

ಡಿಸೆಂಬರ್ ತಿಂಗಳ ಭಾನುವಾರ, ಬೆಳಗಿನ ಜಾವ ಐದು ಗಂಟೆ. ಹೆಬ್ಬಾಳದ ಹತ್ತಿರ ಸೈಕಲ್ಲುಗಳು ಒಂದೊಂದಾಗಿ ಬಂದು ಸೇರುತ್ತವೆ. ಹೊರಟಿರುವುದು ನಂದಿ ಬೆಟ್ಟಕ್ಕೆ. ನಿಂತರೆ ಮೈ ನಡುಗುವ ಹೊತ್ತು. ಹೊಸಬರು ದಪ್ಪ ಜರ್ಕಿನ್ನೋ, ಸ್ಕೂಟರ್ ಮೇಲೆ ಹಾಕುವ ರೇನ್‌ಕೋಟೋ ತೊಟ್ಟು ಬಂದಿರುತ್ತಾರೆ. ದೇವನಹಳ್ಳಿ ಮುಟ್ಟುವಷ್ಟರಲ್ಲಿ ಅದು ಮೈಯಿಂದ ಇಳಿದು ಸೊಂಟಕ್ಕೆ ಬಂದಿರುತ್ತದೆ.

ನಾನು ಮೊದಲ ಸಲ ಹೋದಾಗ ನೀರು ಒಂಚೂರೂ ಒಳಗೆ ಬಿಡದ ಜಾಕೆಟ್ ಹಾಕಿದ್ದೆ. ದುಬಾರಿ ಮಾಲು. ಕತ್ತಿನವರೆಗೆ ಜಿಪ್ ಎಳೆದುಕೊಂಡೇ ಬೆಟ್ಟ ಹತ್ತಿದೆ. ಮೇಲೆ ಹೋಗಿ ಬಿಚ್ಚಿದರೆ ತೋಳಿನ ಒಳಭಾಗದಲ್ಲಿ ಸಾಲಾಗಿ ಹನಿಗಳು ನಿಂತಿದ್ದವು, ಇಡ್ಲಿ ಪಾತ್ರೆಯ ಮುಚ್ಚಳದ ಒಳಗೆ ನಿಲ್ಲುವ ಹಾಗೆ. ಜರ್ಸಿ ಹಿಂಡುವಷ್ಟು ಒದ್ದೆ. ಇಳಿಯುವಾಗ ಆ ಒದ್ದೆ ಬಟ್ಟೆ ಎದೆಗೆ ಮಂಜಿನ ಹಾಗೆ ಅಂಟಿಕೊಂಡಿತು. ಬ್ರೇಕ್ ಹಿಡಿದ ಬೆರಳು ಮರಗಟ್ಟಿ, ಮೂರು ಕಡೆ ನಿಂತು ಕೈ ಉಜ್ಜಿಕೊಂಡೆ. ಅವತ್ತು ಮಳೆ ಒಂದು ಹನಿಯೂ ಬಿದ್ದಿರಲಿಲ್ಲ. ಅಷ್ಟೂ ನನ್ನದೇ ಬೆವರು.

ಹಾಗಾಗಿ ಹಿತವಾದ ಚಳಿಗೆ ಜಾಕೆಟ್ ಕೊಳ್ಳುವವರಿಗೆ ನಾನು ಹೇಳುವುದು ಒಂದೇ ಮಾತು. ಬೆವರು ಎಲ್ಲಿಂದ ಹೊರಗೆ ಹೋಗುತ್ತದೆ ಅಂತ ಮೊದಲು ನೋಡಿ. ಎಷ್ಟು ಬೆಚ್ಚಗಿದೆ ಅನ್ನುವುದು ಆಮೇಲಿನ ವಿಚಾರ.

1. ನಿಮ್ಮ ಚಳಿ ಎಷ್ಟು, ಲೆಕ್ಕ ಹಾಕಿ

ಬೆಂಗಳೂರಿನಲ್ಲಿ ಡಿಸೆಂಬರ್, ಜನವರಿಯ ಬೆಳಗಿನ ಜಾವ ಸಾಮಾನ್ಯವಾಗಿ 15–16 ಡಿಗ್ರಿ ಇರುತ್ತದೆ. ನಗರದಲ್ಲಿ ದಾಖಲಾದ ಅತಿ ಕಡಿಮೆ ಉಷ್ಣತೆಯೇ 7.8 ಡಿಗ್ರಿ, ಅದೂ 1884ರ ಜನವರಿಯಲ್ಲಿ. ಅಂದರೆ ನಮ್ಮದು ಹಿಮದ ಚಳಿ ಅಲ್ಲ. ಯುರೋಪಿನವರು ವಸಂತ, ಶರತ್ಕಾಲ ಅನ್ನುವ ಹವೆಯೂ ಹೆಚ್ಚುಕಮ್ಮಿ ಇದೇ. ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಏಪ್ರಿಲ್‌ನಲ್ಲೋ ಅಕ್ಟೋಬರ್‌ನಲ್ಲೋ ಸೈಕಲ್ ತುಳಿದು ಆಫೀಸಿಗೆ ಹೋಗುವ ಕನ್ನಡಿಗರಿಗೂ ಈ ಲೆಕ್ಕ ಆಗುತ್ತದೆ. ಅಲ್ಲಿ ಮಳೆಯ ಕಾಟ ಮಾತ್ರ ಜಾಸ್ತಿ.

ಇದಕ್ಕೆ ಎತ್ತರ ಮತ್ತು ಗಾಳಿ ಸೇರಿಸಿ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ನಂದಿ ಬೆಟ್ಟದ ತುದಿ 1,478 ಮೀಟರ್. ಸಾವಿರ ಮೀಟರ್ ಏರಿದರೆ ಸುಮಾರು ಆರೂವರೆ ಡಿಗ್ರಿ ಕಡಿಮೆಯಾಗುತ್ತದೆ. ಈ ಲೆಕ್ಕದಲ್ಲಿ ತುದಿಯಲ್ಲಿ ಊರಿಗಿಂತ ಮೂರು ನಾಲ್ಕು ಡಿಗ್ರಿ ಕಡಿಮೆ. ಇಳಿಯುವಾಗಿನ ಗಾಳಿ ಬೇರೆ. ಹವೆ 10 ಡಿಗ್ರಿ ಇದ್ದು, ಗಂಟೆಗೆ 40 ಕಿ.ಮೀ. ವೇಗದ ಗಾಳಿ ಮೈಗೆ ಹೊಡೆದರೆ 6 ಡಿಗ್ರಿಯ ಹಾಗೆ ಅನಿಸುತ್ತದೆ. ಮೈ ಒದ್ದೆಯಾಗಿದ್ದರೆ ಇನ್ನೂ ಕಷ್ಟ.

2. ಏರಿಗೊಂದು ಲೆಕ್ಕ, ಇಳಿಜಾರಿಗೊಂದು ಲೆಕ್ಕ

ಸೈಕಲ್ ತುಳಿಯುವಾಗ ದೇಹ ಸುಡುವ ಶಕ್ತಿಯಲ್ಲಿ ಪೆಡಲಿಗೆ ಸೇರುವುದು ಸುಮಾರು ಕಾಲು ಭಾಗ, ಕೆಲವೊಮ್ಮೆ ಅದಕ್ಕೂ ಕಡಿಮೆ. ಉಳಿದದ್ದೆಲ್ಲ ಬಿಸಿ. ಪೆಡಲಿಗೆ 150 ವಾಟ್ ಹಾಕಿ ಬೆಟ್ಟ ಹತ್ತುವವರ ಮೈಯಲ್ಲಿ ಹತ್ತಿರ ಹತ್ತಿರ ಅರ್ಧ ಕಿಲೋವಾಟ್ ಹೀಟರ್ ಉರಿಯುತ್ತಿರುತ್ತದೆ ಅಂತ ಇಟ್ಟುಕೊಳ್ಳಿ. ಏರಿನಲ್ಲಿ ವೇಗ ಹತ್ತು ಕಿ.ಮೀ. ಆಸುಪಾಸು, ಗಾಳಿಯೇ ಸಿಗುವುದಿಲ್ಲ. ತುದಿ ಮುಟ್ಟಿ ತಿರುಗಿದಿರೋ, ಹೀಟರ್ ಆಫ್, ಫ್ಯಾನ್ ಫುಲ್!

ಒಂದೇ ಜಾಕೆಟ್ ಈ ಎರಡೂ ಹೊತ್ತಿಗೆ ಆಗಬೇಕು. ಅದಕ್ಕೇ ದಪ್ಪ ಜಾಕೆಟ್ ಸೋಲುತ್ತದೆ. ತೆಳ್ಳಗಿದ್ದು, ಗಾಳಿ ತಡೆಯುವ, ಬೇಡವಾದಾಗ ಮಡಚಿ ಬೆನ್ನಿನ ಜೇಬಿಗೆ ತುರುಕುವಂಥದ್ದು ಗೆಲ್ಲುತ್ತದೆ.

3. ಬಟ್ಟೆಯ ಜಾತಿ ತಿಳಿದುಕೊಳ್ಳಿ

ಅಂಗಡಿಯಲ್ಲಿ ಮುಖ್ಯವಾಗಿ ಮೂರು ಬಗೆ ಸಿಗುತ್ತವೆ.

ಮೊದಲನೆಯದು ತೆಳು ವಿಂಡ್ ಜಾಕೆಟ್. ಒತ್ತಾಗಿ ನೇಯ್ದ ನೈಲಾನ್ ಅಥವಾ ಪಾಲಿಯೆಸ್ಟರ್. ಮುಷ್ಟಿಯೊಳಗೆ ಹಿಡಿಸುತ್ತದೆ. ತುಂತುರು ಮಳೆಯನ್ನು ಸ್ವಲ್ಪ ಹೊತ್ತು ತಡೆಯುತ್ತದೆ, ಜೋರು ಮಳೆಗೆ ಆಗುವುದಿಲ್ಲ. ಎರಡನೆಯದು ಸಾಫ್ಟ್‌ಶೆಲ್. ಒಳಗೆ ಮೆತ್ತನೆಯ ಪದರ, ಹೊರಗೆ ಗಾಳಿ ತಡೆಯುವ ಪದರ. 10 ಡಿಗ್ರಿಗಿಂತ ಕೆಳಗಿನ ಚಳಿಗೆ ಹಿತ. ನಮ್ಮ ಊರುಗಳಲ್ಲಿ ಬಿಸಿಲೇರಿದ ಮೇಲೆ ಅದನ್ನು ಎಲ್ಲಿಡುವುದು ಅನ್ನುವುದೇ ಚಿಂತೆ.

ಮೂರನೆಯದು ಪೊರೆ ಇರುವ ಮಳೆ ಜಾಕೆಟ್. ಇದರ ಬಗ್ಗೆ ತುಂಬಾ ಗೊಂದಲ ಇದೆ, ಸ್ವಲ್ಪ ನಿಧಾನವಾಗಿ ನೋಡೋಣ. 1969ರಲ್ಲಿ ಅಮೆರಿಕದ ಬಾಬ್ ಗೋರ್ ಟೆಫ್ಲಾನ್ ಜಾತಿಯ ಪ್ಲಾಸ್ಟಿಕ್ಕನ್ನು ಬಿಸಿ ಮಾಡಿ ಫಕ್ಕನೆ ಎಳೆದು ನೋಡಿದರು. ಅದು ಹಿಗ್ಗಿ, ಕಣ್ಣಿಗೆ ಕಾಣದ ರಂಧ್ರಗಳು ತುಂಬಿದ ಹಾಳೆಯಾಯಿತು. ಆ ರಂಧ್ರದಲ್ಲಿ ನೀರಿನ ಹನಿ ತೂರುವುದಿಲ್ಲ, ಆವಿ ತೂರುತ್ತದೆ. ಅದೇ ಗೋರ್‌ಟೆಕ್ಸ್. ಆಮೇಲೆ ಇಂಥ ಪೊರೆಗಳು ಬೇಕಾದಷ್ಟು ಬಂದವು.

ಆದರೆ ಆವಿ ತಾನಾಗಿ ಹೊರಗೆ ಓಡುವುದಿಲ್ಲ. ಒಳಗಿನ ಹವೆ ಬಿಸಿಯಾಗಿ, ತೇವವಾಗಿ ಇರಬೇಕು. ಹೊರಗಿನದು ತಣ್ಣಗೆ, ಒಣಗಿ ಇರಬೇಕು. ಆ ವ್ಯತ್ಯಾಸವೇ ಆವಿಯನ್ನು ತಳ್ಳುವ ಕೈ. ಮಂಗಳೂರು, ಉಡುಪಿ, ಕಾರವಾರದ ಕಡೆ ಹೊರಗಿನ ಹವೆಯೇ ಬೆಚ್ಚಗೆ, ತೇವವಾಗಿ ಇದ್ದರೆ ತಳ್ಳುವುದು ಯಾವುದು? ಎಷ್ಟು ದುಡ್ಡು ಕೊಟ್ಟ ಪೊರೆಯೂ ಅಲ್ಲಿ ಸೋಲುತ್ತದೆ. ಕರಾವಳಿಯವರು ಪೊರೆಯ ಆಸೆ ಬಿಟ್ಟು ಜಾಲರಿ ಬಟ್ಟೆ ಜಾಸ್ತಿ ಇರುವುದನ್ನು ನೋಡುವುದು ಒಳ್ಳೆಯದು.

ಲೇಬಲ್ ಮೇಲೆ 10,000/10,000 ಅಂತ ಇರುತ್ತದೆ, ಅಲ್ವಾ? ಸಾಮಾನ್ಯವಾಗಿ ಮೊದಲನೆಯದು ಎಷ್ಟು ಮಿಲಿಮೀಟರ್ ಎತ್ತರದ ನೀರಿನ ಒತ್ತಡ ತಡೆಯುತ್ತದೆ ಅನ್ನುವುದು. ಎರಡನೆಯದು ಒಂದು ಚದರ ಮೀಟರ್ ಬಟ್ಟೆಯಿಂದ 24 ಗಂಟೆಯಲ್ಲಿ ಎಷ್ಟು ಗ್ರಾಂ ಆವಿ ಹೊರಹೋಗುತ್ತದೆ ಅನ್ನುವುದು. ಪರೀಕ್ಷೆಯ ವಿಧಾನ ಬದಲಾದರೆ ಎರಡನೆಯ ಅಂಕಿಯೂ ಬದಲಾಗುತ್ತದೆ. ಹಾಗಾಗಿ ಬೇರೆ ಬೇರೆ ಕಂಪನಿಗಳ ಅಂಕಿ ಪಕ್ಕಪಕ್ಕ ಇಟ್ಟು ಹೋಲಿಸಬೇಡಿ. ಆರ್‌ಇಟಿ ಅಂತ ಬರೆದಿದ್ದರೆ ಅದನ್ನು ನೋಡಿ. ಇದು ಆವಿಗೆ ಬಟ್ಟೆ ಒಡ್ಡುವ ತಡೆಯ ಅಳತೆ, ಹಾಗಾಗಿ ಕಡಿಮೆ ಇದ್ದಷ್ಟೂ ಒಳ್ಳೆಯದು. 6ರ ಒಳಗಿದ್ದರೆ ತುಂಬಾ ಚೆನ್ನಾಗಿ ಗಾಳಿಯಾಡುತ್ತದೆ. 20 ದಾಟಿದರೆ ಸೈಕಲ್ಲಿಗೆ ಬೇಡ.

ನನ್ನನ್ನು ಕೇಳಿದರೆ, ಬಯಲುಸೀಮೆಯ ಮಾಗಿ ಬೆಳಗಿಗೆ ಎದೆ, ತೋಳಿನ ಮುಂಭಾಗದಲ್ಲಿ ಗಾಳಿ ತಡೆಯುವ ಬಟ್ಟೆ, ಬೆನ್ನು ಮತ್ತು ಕಂಕುಳಲ್ಲಿ ಜಾಲರಿ ಇರುವ ವಿಂಡ್ ಜಾಕೆಟ್ಟೇ ಸರಿ. ಬೇಗ ಬೆವರುವವರಾದರೆ ತೋಳಿಲ್ಲದ ವಿಂಡ್ ಜಾಕೆಟ್ ತಗೊಂಡು, ಕೈಗೆ ಆರ್ಮ್ ಸ್ಲೀವ್ಸ್ ಹಾಕಿ. ಸೆಕೆಯಾದರೆ ಸೈಕಲ್ ಮೇಲೆ ಕೂತೇ ಅವನ್ನು ಮಣಿಕಟ್ಟಿಗೆ ಇಳಿಸಬಹುದು.

4. ಊದಿ ನೋಡಿ, ಆವಿ ಹಾಯಿಸಿ ನೋಡಿ

ಅಂಗಡಿಯಲ್ಲೇ ಮಾಡಬಹುದಾದ ಪರೀಕ್ಷೆ ಇದು. ಎದೆಭಾಗದ ಬಟ್ಟೆಯನ್ನು ಬಿಗಿಯಾಗಿ ಹಿಡಿದು, ಬಾಯಿಗೆ ಹತ್ತಿರ ತಂದು ಜೋರಾಗಿ ಊದಿ. ಇನ್ನೊಂದು ಕೈಯನ್ನು ಆಚೆ ಇಡಿ. ಕೈಗೆ ಗಾಳಿ ಒಂಚೂರೇ ತಾಗಿದರೆ ಒಳ್ಳೆಯ ವಿಂಡ್ ಜಾಕೆಟ್. ಬೆನ್ನಿನ ಭಾಗದಲ್ಲಿ ಊದಿದರೆ ಧಾರಾಳವಾಗಿ ತಾಗಬೇಕು. ಎರಡೂ ಕಡೆ ಏನೂ ತಾಗದಿದ್ದರೆ ಅದು ಪ್ಲಾಸ್ಟಿಕ್ ಲೇಪದ ಬಟ್ಟೆಯೋ, ಪೊರೆಯದ್ದೋ.

ಅದು ಯಾವುದು ಅಂತ ತಿಳಿಯಲು ಅಡುಗೆಮನೆಯ ಪರೀಕ್ಷೆ ಇದೆ. ಸ್ಟೀಲ್ ಲೋಟದಲ್ಲಿ ಮುಕ್ಕಾಲು ಭಾಗ ಬಿಸಿ ನೀರು ತುಂಬಿ. ಕುದಿಯುವ ನೀರು ಬೇಡ, ಕೈ ಸುಡದ ಹಾಗಿದ್ದರೆ ಸಾಕು. ಜಾಕೆಟ್ಟಿನ ಒಂದು ಪದರ ಮಾತ್ರ ಲೋಟದ ಬಾಯಿಗೆ ಮುಚ್ಚಿ, ನೀರಿಗೆ ಮುಟ್ಟಿಸಬೇಡಿ. ಅದರ ಮೇಲೆ ಒಣಗಿದ, ತಣ್ಣನೆಯ ಗಾಜಿನ ಲೋಟ ಬೋರಲು ಹಾಕಿ. ಕೆಲವು ನಿಮಿಷ ಕಾಯಿರಿ. ಮೇಲಿನ ಗಾಜು ಮಬ್ಬಾಗಿ ಮಂಜು ಕಟ್ಟಿದರೆ ಆವಿ ಬಟ್ಟೆಯನ್ನು ದಾಟಿ ಬಂದಿದೆ ಅಂತ ಅರ್ಥ. ಗಾಜು ಹಾಗೇ ಇದ್ದು, ಬಟ್ಟೆಯ ಒಳಗಡೆ ಹನಿ ಕೂತಿದ್ದರೆ ನಿಮ್ಮ ಬೆವರೂ ಅಲ್ಲೇ ಕೂರುತ್ತದೆ. ಬೆಲೆಚೀಟಿ ಕೀಳುವ ಮುಂಚೆ, ವಾಪಸ್ ಮಾಡುವ ಅವಧಿಯೊಳಗೆ ಇದನ್ನು ಮಾಡಿ.

5. ಬಗ್ಗಿ ನೋಡಿ

ಕನ್ನಡಿ ಮುಂದೆ ನೆಟ್ಟಗೆ ನಿಂತು ಅಳತೆ ನೋಡಬೇಡಿ. ಸೈಕಲ್ ಹ್ಯಾಂಡಲ್ ಹಿಡಿದ ಹಾಗೆ ಸೊಂಟ ಬಗ್ಗಿಸಿ, ಎರಡೂ ಕೈ ಮುಂದೆ ಚಾಚಿ. ಆಗ ಬೆನ್ನಿನ ತುದಿ ಪ್ಯಾಂಟಿನ ಪಟ್ಟಿಯನ್ನು ಮುಚ್ಚಿರಬೇಕು, ತೋಳು ಮಣಿಕಟ್ಟಿನವರೆಗೆ ಬರಬೇಕು, ಹೊಟ್ಟೆಯ ಹತ್ತಿರ ಬಟ್ಟೆ ಮುದ್ದೆಯಾಗಬಾರದು. ಸಡಿಲವಾದರೆ ಗಾಳಿಗೆ ಪಟಪಟ ಬಡಿಯುತ್ತದೆ. ಇಳಿಜಾರಿನಲ್ಲಿ ಆ ಸದ್ದಿಗೆ ಹಿಂದಿನಿಂದ ಬರುವ ಲಾರಿಯ ಸದ್ದೂ ಕೇಳಿಸುವುದಿಲ್ಲ.

ಜಿಪ್ಪನ್ನು ಒಂದೇ ಕೈಯಲ್ಲಿ ಎಳೆದು ನೋಡಿ. ಗ್ಲೌಸ್ ಹಾಕಿದ್ದಾಗಲೂ ಸಿಗುವಷ್ಟು ಉದ್ದದ ಎಳೆ ಇರಬೇಕು. ಏರಿನಲ್ಲಿ ನಿಮಗೆ ಸಿಗುವ ಅತಿ ದೊಡ್ಡ ಕಿಟಕಿ ಜಿಪ್ಪೇ. ಬಣ್ಣ ಕಡುಗಪ್ಪು ಬೇಡ. ಹೊರಡುವಾಗ ಇನ್ನೂ ಕತ್ತಲಿರುತ್ತದೆ, ಬೆನ್ನಿನ ಮೇಲೆ ಬೆಳಕಿಗೆ ಹೊಳೆಯುವ ಪಟ್ಟಿ ಇರಲೇಬೇಕು.

6. ಹಾಕುವ ಹೊತ್ತು, ಬಿಚ್ಚುವ ಹೊತ್ತು

ಒಳಗೆ ಹತ್ತಿ ಬನಿಯನ್ ಹಾಕಿದರೆ ಇಷ್ಟು ಹೊತ್ತು ಹುಡುಕಿದ್ದೆಲ್ಲ ದಂಡ. ಹತ್ತಿ ಬೆವರು ಕುಡಿದು ಹಿಡಿದಿಟ್ಟುಕೊಳ್ಳುತ್ತದೆ. ತೆಳು ಪಾಲಿಯೆಸ್ಟರ್ ಅಥವಾ ಮೆರಿನೊ ಉಣ್ಣೆಯದ್ದು ಹಾಕಿ.

ಮನೆಯಿಂದ ಹೊರಡುವಾಗ ಸ್ವಲ್ಪ ಚಳಿ ಆಗಬೇಕು. ಬಾಗಿಲಲ್ಲೇ ಬೆಚ್ಚಗಿದ್ದರೆ ಒಂದು ಪದರ ಜಾಸ್ತಿ ಹಾಕಿದ್ದೀರಿ ಅಂತಲೇ ಲೆಕ್ಕ. ಬೆಟ್ಟದ ಬುಡದಲ್ಲಿ, ಬೆವರು ಶುರುವಾಗುವ ಮುಂಚೆಯೇ ಜಾಕೆಟ್ ಬಿಚ್ಚಿ ಜೇಬಿಗೆ ಹಾಕಿ. ಮೇಲೆ ತಲುಪಿದ ತಕ್ಷಣ ಮತ್ತೆ ಹಾಕಿಕೊಳ್ಳಿ. ಫೋಟೊ, ಟೀ, ಹರಟೆ ಎಲ್ಲ ಆಮೇಲೆ. ಮೈ ಬಿಸಿ ಇದ್ದಾಗಲೇ ಮುಚ್ಚಿಕೊಂಡರೆ ಆ ಬಿಸಿ ಇಳಿಜಾರಿನ ಅರ್ಧದವರೆಗೂ ಜೊತೆಗೆ ಬರುತ್ತದೆ. ತಣ್ಣಗಾದ ಮೇಲೆ ಹಾಕಿದರೆ ತೆಳು ಜಾಕೆಟ್ ಏನು ಮಾಡೀತು?

7. ಒಗೆಯುವಾಗ

ಕಡಿಮೆ ಸೋಪು, ತಣ್ಣೀರು. ಬಟ್ಟೆ ಮೆತ್ತಗಾಗಲು, ಪರಿಮಳಕ್ಕೆ ಅಂತ ಕೊನೆಗೆ ಹಾಕುವ ದ್ರವ ಖಂಡಿತ ಬೇಡ. ಅದರ ಜಿಡ್ಡು ಎಳೆಗಳ ಮೇಲೆ ಕೂತು ಬೆವರಿನ ದಾರಿ ಕಟ್ಟುತ್ತದೆ. ನೆರಳಲ್ಲಿ ಒಣಗಿಸಿ.

ಜಾಕೆಟ್ ಇನ್ನೂ ಕೊಂಡಿಲ್ಲ, ನಾಳೆಯೇ ಬೆಟ್ಟಕ್ಕೆ ಹೋಗಬೇಕು ಅನ್ನುವವರಿಗೆ ಹಳೆಯದೊಂದು ಉಪಾಯ ಇದೆ. ಆಲ್ಪ್ಸ್ ಪರ್ವತದ ರೇಸ್‌ಗಳಲ್ಲಿ ತುದಿಯಲ್ಲಿ ನಿಂತ ಜನ ಸೈಕಲ್ ಸವಾರರ ಕೈಗೆ ದಿನಪತ್ರಿಕೆ ಕೊಡುತ್ತಿದ್ದರು. ಅವರು ಅದನ್ನು ಜರ್ಸಿಯೊಳಗೆ ಎದೆಗೆ ಇಟ್ಟುಕೊಂಡು ಇಳಿಯುತ್ತಿದ್ದರು. ಕಾಗದ ಗಾಳಿಯನ್ನು ತಡೆಯುತ್ತದೆ, ಬೆವರನ್ನೂ ಹೀರುತ್ತದೆ. ಈ ಪುರವಣಿಯ ನಾಲ್ಕು ಹಾಳೆ ಸಾಕು. ಒಣಗಿರುವ ಹಾಗೆ ಪ್ಲಾಸ್ಟಿಕ್ ಕವರಿನಲ್ಲಿ ಮಡಚಿ ಬೆನ್ನಿನ ಜೇಬಿನಲ್ಲಿಡಿ. ತುದಿಯಲ್ಲಿ ತೆಗೆದು ಎದೆಯಿಂದ ಹೊಟ್ಟೆಯವರೆಗೆ ಹರಡಿ, ಮೇಲೆ ಜರ್ಸಿಯ ಜಿಪ್ ಎಳೆಯಿರಿ. ಕೆಳಗೆ ಬಂದಾಗ ಅದು ಒದ್ದೆಯಾಗಿರುತ್ತದೆ. ರಸ್ತೆ ಬದಿಗೆ ಎಸೆಯದೆ ಅದೇ ಕವರಿಗೆ ಹಾಕಿಕೊಂಡು ಮನೆಗೆ ತನ್ನಿ.