ಹಿರೇಮದ್ದಿನ ಕೋಶಗಳಿಂದ ಹೆಚ್ಚು ವಿಥನೊಲೈಡ್ ತೆಗೆಯುವ ಬಗೆ

ಹಿರೇಮದ್ದು ಅಂದರೆ ಅಶ್ವಗಂಧ; ವಿಥನೊಲೈಡ್ ಅಂದರೆ ಅದರಲ್ಲಿರುವ ಔಷಧೀಯ ಸತ್ವ. ಅದರ ಕೋಶಗಳನ್ನು ಫ್ಲಾಸ್ಕಿನಲ್ಲಿ ಬೆಳೆಸಿ ವಿಥನೊಲೈಡ್ ತೆಗೆಯುವವರು ಮೊದಲು ಲೆಕ್ಕ ಸರಿ ಮಾಡಿಕೊಳ್ಳಬೇಕು. ಗ್ರಾಂ ಒಣತೂಕಕ್ಕೆ ಎಷ್ಟು ಅನ್ನುವುದಕ್ಕಿಂತ ಲೀಟರಿಗೆ ಎಷ್ಟು ಅನ್ನುವುದು ಮುಖ್ಯ. ಗ್ರಾಂಗೆ 2 ಮಿ.ಗ್ರಾಂ ಇರುವ ಕೋಶ ಲೀಟರಿಗೆ 12 ಗ್ರಾಂ ಬೆಳೆದರೆ ಕೈಗೆ 24 ಮಿ.ಗ್ರಾಂ ಬಂತು. ಅವಸರದಲ್ಲಿ ಎಲಿಸಿಟರ್ (ಕೋಶವನ್ನು ಕೆಣಕಿ ಇಂಥ ಸತ್ವ ಹೆಚ್ಚಿಸುವ ಪದಾರ್ಥ) ಸುರಿದು ಗ್ರಾಂಗೆ 4 ಮಿ.ಗ್ರಾಂ ಮಾಡಿದರೂ, ಬೆಳವಣಿಗೆ 5 ಗ್ರಾಂಗೇ ನಿಂತರೆ ಬರುವುದು 20.

ಹೊಲದ ಎಲೆ ಬೇಡ; ಅದರ ಧೂಳು, ಬೂಸು ತೊಳೆದು ಮುಗಿಯುವುದಿಲ್ಲ. ಬೀಜವನ್ನೇ ಸ್ವಚ್ಛ ಮಾಡಿ ಬಾಟಲಿಯಲ್ಲಿ ಮೊಳೆಸಿ. ಸಸಿ ನಾಲ್ಕೈದು ವಾರದ್ದಾದಾಗ ಎಲೆಯನ್ನು ಅರ್ಧ ಸೆಂ.ಮೀ. ತುಂಡು ಮಾಡಿ ಎಂಎಸ್ (ಮುರಾಶಿಗೆ-ಸ್ಕೂಗ್ ಲವಣಗಳ) ಪೋಷಕ ಮಾಧ್ಯಮದ ಮೇಲಿಡಿ. ಲೀಟರಿಗೆ ಸಕ್ಕರೆ (ಸುಕ್ರೋಸ್) 30 ಗ್ರಾಂ, ಅಗರ್ 8 ಗ್ರಾಂ, ಬೆಳವಣಿಗೆಯ ಹಾರ್ಮೋನುಗಳಾಗಿ 2,4-ಡಿ 1 ಮಿ.ಗ್ರಾಂ, ಕೈನೆಟಿನ್ 0.2 ಮಿ.ಗ್ರಾಂ, ಪಿಎಚ್ 5.8, ಆಟೋಕ್ಲೇವ್ (ಒತ್ತಡದ ಹಬೆಯಲ್ಲಿ ಕ್ರಿಮಿಶುದ್ಧಿ) 121 ಡಿಗ್ರಿಯಲ್ಲಿ 15 ನಿಮಿಷ. ಚಿಮಟ ತಾಗಿಸಿದರೆ ಉದುರುವ ತಿಳಿಹಳದಿ ಕ್ಯಾಲಸ್ (ತುಂಡಿನಿಂದ ಬೆಳೆಯುವ ಕೋಶಗಳ ಮುದ್ದೆ) ಆರಿಸಿ. ಹಸಿರು ಗಟ್ಟಿ ಗಂಟು ದ್ರವದಲ್ಲೂ ಗಂಟಾಗಿಯೇ ಉಳಿಯುತ್ತದೆ. ಒಂದೇ ಕಡೆಯ ಬೀಜವಾದರೂ ಪ್ರತಿ ಕೋಶಸಾಲಿನ (ಒಂದೇ ತುಂಡಿನಿಂದ ಬೆಳೆಸುತ್ತಾ ಬಂದ ಕೋಶಗಳ) ಇಳುವರಿ ಬೇರೆ. ನಾಲ್ಕಾರು ಸಾಲು ಪರೀಕ್ಷಿಸಿ ಒಳ್ಳೆಯದನ್ನು ಹಿಡಿಯುವುದು ಎಷ್ಟೋ ಸಲ ಎಲಿಸಿಟರ್‌ಗಿಂತ ಹೆಚ್ಚು ಫಲ ಕೊಡುತ್ತದೆ. ಇದನ್ನೇ ಹೆಚ್ಚಿನವರು ಬಿಟ್ಟುಬಿಡುತ್ತಾರೆ.

250 ಮಿ.ಲೀ. ಫ್ಲಾಸ್ಕಿನಲ್ಲಿ ಅಗರ್ ಇಲ್ಲದ ಇದೇ ಮಾಧ್ಯಮ 50 ಮಿ.ಲೀ., ಅದಕ್ಕೆ 2–3 ಗ್ರಾಂ ಕ್ಯಾಲಸ್. 25 ಡಿಗ್ರಿ, ಶೇಕರ್ (ಫ್ಲಾಸ್ಕ್ ಅಲುಗಾಡಿಸುವ ಯಂತ್ರ) ಮೇಲೆ ನಿಮಿಷಕ್ಕೆ 110 ಸುತ್ತು. ಎರಡು ವಾರಕ್ಕೊಮ್ಮೆ ಹಳೆಯದು 10 ಮಿ.ಲೀ.ಗೆ ಹೊಸದು 40 ಸೇರಿಸಿ. ಕೋಶ ಕಡಿಮೆ ಹಾಕಿದರೆ ಬೆಳವಣಿಗೆ ಹಿಡಿಯುವುದೇ ಇಲ್ಲ.

ಎಲಿಸಿಟರ್ ಯಾವಾಗ? ಮೂರು ದಿನಕ್ಕೊಮ್ಮೆ ಒಂದು ಫ್ಲಾಸ್ಕ್ ಸೋಸಿ ತೂಗಿ, ಬೆಳವಣಿಗೆಯ ಗೆರೆ ಬರೆಯಿರಿ. ಏರಿಕೆ ಇನ್ನೇನು ನಿಧಾನವಾಗಲಿದೆ ಅನ್ನುವ ದಿನವೇ ಸರಿ. ಇಲ್ಲಿನ ಎಲಿಸಿಟರ್ ಜಾಸ್ಮೊನೇಟ್, ಗಿಡಗಳ ಗಾಯದ ಸುಳಿವಿನ ಹಾರ್ಮೋನು. ಅದು ಸಿಕ್ಕ ಕೋಶ ಗಾಯವಾಯಿತೆಂದು ತಿಳಿದು ವಿಭಜನೆ ತಗ್ಗಿಸಿ ರಕ್ಷಣೆಯ ರಾಸಾಯನಿಕಕ್ಕೆ ಶಕ್ತಿ ತಿರುಗಿಸುತ್ತದೆ. ಬೇಗ ಕೊಟ್ಟರೆ ಬೆಳವಣಿಗೆ ಅಲ್ಲಿಗೇ ಮೊಟಕು. 112 ಮಿ.ಗ್ರಾಂ ಮಿಥೈಲ್ ಜಾಸ್ಮೊನೇಟನ್ನು ಎಥನಾಲ್‌ನಲ್ಲಿ ಕರಗಿಸಿ 10 ಮಿ.ಲೀ. ಮಾಡಿದರೆ 50 ಮಿಲಿಮೋಲಾರ್ ದ್ರಾವಣ. ಅದರ 100 ಮೈಕ್ರೊಲೀಟರನ್ನು 50 ಮಿ.ಲೀ. ಕೃಷಿಗೆ ಹಾಕಿದರೆ 100 ಮೈಕ್ರೊಮೋಲಾರ್. ಇದರ ಜತೆ 25 ಮತ್ತು 50 ಕೂಡ ನೋಡಿ. ಹೋಲಿಕೆಯ ಫ್ಲಾಸ್ಕಿಗೆ ಬರೀ ಎಥನಾಲ್ ಅಷ್ಟೇ ಪ್ರಮಾಣದಲ್ಲಿ ಹೋಗಬೇಕು, ಮತ್ತು ಅದು ಬೇರೆ ಕೋಣೆಯಲ್ಲಿರಬೇಕು. ಜಾಸ್ಮೊನೇಟ್ ಆವಿಯಾಗಿ ಹರಡುವಂಥದ್ದು. ಒಂದೇ ಶೇಕರ್ ಮೇಲಿಟ್ಟರೆ ಹೋಲಿಕೆಯ ಕೋಶಗಳಿಗೂ ಸುಳಿವು ತಾಗಿ ವ್ಯತ್ಯಾಸವೇ ಕಾಣದಂತಾಗಬಹುದು.

ನಮ್ಮ ಕಡೆ ಕೆಡಿಸುವುದು ಬಿಸಿಲು ಮತ್ತು ಕರೆಂಟು. ವಿಜಯಪುರ, ಬಾಗಲಕೋಟೆಯಲ್ಲಿ ಬೇಸಿಗೆಯಲ್ಲಿ ಹೊರಗೆ 40 ಡಿಗ್ರಿ ದಾಟುತ್ತದೆ. ಶೇಕರ್ ನಿಂತರೆ ಕೋಶಗಳು ತಳಕ್ಕೆ ಕೂತು ಆಮ್ಲಜನಕವಿಲ್ಲದೆ ಕಂದುತ್ತವೆ. ಎಸಿಗಿಂತ ಮೊದಲು ಶೇಕರನ್ನು ಇನ್ವರ್ಟರ್‌ಗೆ ಜೋಡಿಸಿ. ಬೋರ್ ನೀರಿನ ಸುಣ್ಣ, ಮಾಧ್ಯಮಕ್ಕೆ ನೀರು ಬಟ್ಟಿ ಇಳಿಸುವ ಡಿಸ್ಟಿಲೇಷನ್ ಘಟಕದ ಕಾಯಿಲ್‌ಗೆ ಬಿಳಿ ಪೊರೆ ಕಟ್ಟುತ್ತದೆ, ಆಗಾಗ ಕೆರೆದು ತೆಗೆಯಿರಿ. ಕಂದು ಬಣ್ಣ ಒಂದೇ ಫ್ಲಾಸ್ಕಿನಲ್ಲಾದರೆ ಸೋಂಕನ್ನು ಶಂಕಿಸಿ. ಎಲ್ಲದರಲ್ಲೂ ಒಟ್ಟಿಗೆ ಆದರೆ ತಾಪ, ಕರೆಂಟು ಇಲ್ಲವೇ ಎಲಿಸಿಟರ್ ಅತಿಯಾಗಿದ್ದು.

ಎಲಿಸಿಟರ್ ಕೊಟ್ಟ 2, 4, 6ನೇ ದಿನ ಮಾದರಿ ತೆಗೆಯಿರಿ. ಕೋಶವನ್ನು 40 ಡಿಗ್ರಿಯಲ್ಲಿ ಒಣಗಿಸಿ, ಪುಡಿ ಮಾಡಿ, ಮೆಥನಾಲ್‌ನಲ್ಲಿ ಬಿಡಿಸಿ, 0.45 ಮೈಕ್ರಾನ್ ಫಿಲ್ಟರ್ ದಾಟಿಸಿ ಸಿ-18 ಕಾಲಮ್ಮಿನ ಎಚ್‌ಪಿಎಲ್‌ಸಿಯಲ್ಲಿ (ಮಿಶ್ರಣದ ಪದಾರ್ಥಗಳನ್ನು ಬೇರ್ಪಡಿಸಿ ಅಳೆಯುವ ಯಂತ್ರ) 227 ನ್ಯಾನೊಮೀಟರ್ ಬೆಳಕಿನಲ್ಲಿ ಅಳೆಯಿರಿ. ಸೋಸಿದ ದ್ರವವನ್ನು ಚೆಲ್ಲಬೇಡಿ. ಒಂದಷ್ಟು ಅದರಲ್ಲಿಯೂ ಸೋರಿರಬಹುದು, ಅದನ್ನೂ ಅಳೆದು ಲೀಟರಿನ ಲೆಕ್ಕಕ್ಕೆ ಕೂಡಿಸಿ.