ಅಡಿಕೆ ಚೊಗರು, ಗೇರೆಣ್ಣೆ ಮತ್ತು ನನ್ನ ಟಾಟಾ 206

ಎರಡು ಮಳೆಗಾಲ ಕಳೆಯಿತು. ನನ್ನ ಹಳೇ ಪಿಕಪ್ಪು ಟಾಟಾ ಮೊಬೈಲ್ 206ರ ಬಾಗಿಲಿನ ಕೆಳ ಅಂಚಿನಲ್ಲಿ ತುಕ್ಕಿನ ಒಂದೇ ಒಂದು ಗುಳ್ಳೆ ಎದ್ದಿಲ್ಲ. ತುಕ್ಕಿಗೆ ನಾನು ಹಚ್ಚಿದ್ದು ಅಡಿಕೆ ಬೇಯಿಸಿದ ನೀರು ಗಟ್ಟಿಯಾಗಿ ಆಗುವ ಚೊಗರು, ಮತ್ತು ಗೇರುಬೀಜದ ಸಿಪ್ಪೆಯ ಎಣ್ಣೆ. ಕುಮಟಾದಲ್ಲಿ, ಸಮುದ್ರದ ಗಾಳಿ ನೇರ ಬಡಿಯುವ ತಗಡಿನ ಶೆಡ್ಡಿನಲ್ಲಿ ನಿಲ್ಲುವ ಗಾಡಿ ಇದು. ಈ ಕಡೆ ಹಳೇ ಗಾಡಿ ಇಟ್ಟುಕೊಂಡವರಿಗೆ ಇದು ಎಷ್ಟು ದೊಡ್ಡ ಮಾತು ಅಂತ ನಾನು ಹೇಳಬೇಕಾಗಿಲ್ಲ. "ಚೊಗರು ಬಳಿದರೆ ತುಕ್ಕು ನಿಲ್ತದಾ? ಹಾಗಾದ್ರೆ ಎಲೆ, ಸುಣ್ಣ ಎರಡೂ ಹಚ್ಚಿಬಿಡು ಮಾರಾಯಾ" ಎಂದು ನಕ್ಕವರೇ ಈಗ ಗಾಡಿಯ ಕೆಳಗೆ ಮಲಗಿ, ಉಗುರಲ್ಲಿ ಕೆರೆದು ನೋಡಿ ಹೋಗಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

206 ಎಂದರೆ 1988ರ ಮಾಡೆಲ್ಲು, 1948 ಸಿಸಿ ಡೀಸೆಲ್, ಐದು ಗೇರು. ಇದೇ ಬುನಾದಿಯ ಮೇಲೆ 1991ರಲ್ಲಿ ಸಿಯೆರಾ ಬಂತು, 1994ರಲ್ಲಿ ಸುಮೋ ಬಂತು. ಹಾಗಾಗಿ ಸಾಮಾನಿಗೆ ಅಂಥ ತಾಪತ್ರಯ ಇಲ್ಲ. ನನ್ನದು ಕೆಎ-30 ನಂಬರಿನದು, ತೊಂಬತ್ತರ ದಶಕದ ಶುರುವಿನದು. 45ಕ್ಕೋ 46 ಸಾವಿರಕ್ಕೋ ಸಿಕ್ಕಿತು. ಅದರ ಆಯುಷ್ಯದ ಬಹುಪಾಲು ಕಾರವಾರದಿಂದ ಘಟ್ಟದ ಮೇಲೆ ಮೀನು ಹೊಡೆಯುವುದರಲ್ಲೇ ಕಳೆದಿತ್ತು. ಐಸು ಕರಗಿದ ನೀರು, ಉಪ್ಪು, ಮೀನಿನ ರಕ್ತ ಎಲ್ಲ ಸೇರಿ ಸಾಮಾನು ಹೇರುವ ಹಿಂದಿನ ಡಾಲಾದಿಂದ ಗಾಡಿಯ ಅಡಿಯ ಚೌಕಟ್ಟಿಗೆ, ಅಂದರೆ ಚಾಸಿಸ್ಸಿಗೆ, ವರ್ಷಗಟ್ಟಲೆ ಸೋರಿತ್ತು. ಡಾಲಾದ ತಳ ಇರಲೇ ಇಲ್ಲ, ಮೇಲೆ ಪ್ಲೈವುಡ್ ಹಾಸಿ ಕೊಟ್ಟಿದ್ದರು. ಅದು ನನಗೂ ಗೊತ್ತಿತ್ತು, ರೇಟು ಇಳಿಸಿದ್ದೇ ಅದನ್ನು ತೋರಿಸಿ.

ಇಂಜಿನ್ ಬಗ್ಗೆ ಹೇಳುವುದಕ್ಕೆ ಹೆಚ್ಚೇನಿಲ್ಲ. ಬೋರ್ ಕೆಲಸ, ಹೆಡ್ ಗ್ಯಾಸ್ಕೆಟ್, ಪಂಪು, ನೋಝಲ್ಲು, ನಾಲ್ಕೂ ಹೀಟರ್ ಪ್ಲಗ್ಗು. ಅರವತ್ತು ಸಾವಿರ ದಾಟಿತು. ದುಡ್ಡು ಕೊಟ್ಟರೆ ಆಗುವ ಕೆಲಸ ಅದು. ದುಡ್ಡು ಕೊಟ್ಟರೂ ಆಗದ ಕೆಲಸ ತುಕ್ಕಿನದು.

ಮೊದಲು ಎಲ್ಲರೂ ಮಾಡುವ ಹಾಗೆಯೇ ಮಾಡಿಸಿದೆ. ಟಿಂಕರಿಂಗ್, ಪಟ್ಟಿ (ಕುಳಿ ತುಂಬುವ ಲಪ್ಪ), ಪೇಂಟು, ಕೂಲಿ ಸೇರಿ 35 ಸಾವಿರದ ಆಸುಪಾಸು. ಗಾಡಿ ಮದುಮಗನಾಗಿ ಬಂತು. ಜೂನಿನಲ್ಲಿ ಬಾಗಿಲಿನ ಅಂಚು ಉಬ್ಬಿತು, ಆಗಸ್ಟಿನಲ್ಲಿ ಪಟ್ಟಿ ಹಕ್ಕಳೆ ಹಕ್ಕಳೆಯಾಗಿ ಎದ್ದು ಕೈಗೆ ಬಂತು. ಸರಿ, ಬುಡದಿಂದ ಮಾಡೋಣ ಅಂತ ಕ್ಯಾಬಿನ್ ಎತ್ತಿಸಿ, ಸ್ಯಾಂಡ್ ಬ್ಲಾಸ್ಟಿಂಗ್ ಮಾಡಿಸಿ, ಎಪಾಕ್ಸಿ ಪ್ರೈಮರ್ ಹೊಡೆಸಿದೆ. ಇನ್ನೊಂದು 30 ಸಾವಿರ ಹೋಯಿತು. ಬ್ಲಾಸ್ಟಿಂಗ್ ಆದ ದಿನ ಆ ಚಾಸಿಸ್ ನೋಡಿದ್ದರೆ ನೀವೂ ಮರುಳಾಗುತ್ತಿದ್ದಿರಿ, ಹೊಸ ಪಾತ್ರೆಯಷ್ಟು ಬೆಳ್ಳಗೆ. ದೀಪಾವಳಿ ಹೊತ್ತಿಗೆ ಜಾಯಿಂಟುಗಳಲ್ಲಿ, ರಿವೆಟ್ಟುಗಳ ಸುತ್ತ ಪ್ರೈಮರ್ ಅಡಿಯಿಂದ ಕೆಂಪು ಇಣುಕಿತು. ಆಮೇಲೆ ಕೊರಿಯರಿನಲ್ಲಿ ತರಿಸಿದ ರಸ್ಟ್ ಕನ್ವರ್ಟರ್, ತುಕ್ಕನ್ನೇ ಗಟ್ಟಿ ಕಪ್ಪು ಪದರ ಮಾಡುವ ದ್ರಾವಣ. ಎರಡು ಲೀಟರಿಗೆ ಮೂರು ಸಾವಿರ ಚಿಲ್ಲರೆ. ಹಚ್ಚಿದ ಕೂಡಲೇ ಚೆನ್ನಾಗಿ ಕಪ್ಪಾಯಿತು, ಮೂರು ತಿಂಗಳಿಗೆ ಅದೇ ಜಾಗದಲ್ಲಿ ಮತ್ತೆ ಕೆಂಪಾಯಿತು. "ಕರಾವಳಿಯಲ್ಲಿ ಇದೆಲ್ಲ ನಡಿಯೂದಿಲ್ಲ, ಗುಜರಿಗೆ ಹಾಕು" ಎಂದು ಆಗ ಹೇಳದವರು ಯಾರು!

ಅದೇ ಜಾಗದಲ್ಲಿ ಯಾಕೆ ಬರುತ್ತದೆ ಅನ್ನುವುದೇ ನನ್ನ ತಲೆ ತಿಂದದ್ದು. ಪರಿಚಯದ ಕೆಮಿಸ್ಟ್ರಿ ಮೇಷ್ಟ್ರೊಬ್ಬರ ಹತ್ತಿರ ಮಾತಾಡುವಾಗ ಅವರು ಸಿಲ್ವರ್ ನೈಟ್ರೇಟಿನ ಪರೀಕ್ಷೆ ನೆನಪಿಸಿದರು: ಉಪ್ಪಿರುವ ನೀರಿಗೆ ಅದರ ಹನಿ ಬಿದ್ದರೆ ನೀರು ಬೆಳ್ಳಗಾಗುತ್ತದೆ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರಿನಲ್ಲಿ ಹತ್ತಿ ಅದ್ದಿ, ತುಕ್ಕಿನ ಗುಂಡಿಯ ಮೇಲೆ ಸ್ವಲ್ಪ ಹೊತ್ತು ಒತ್ತಿ ಹಿಡಿದು, ಆ ನೀರನ್ನು ಗ್ಲಾಸಿಗೆ ಹಿಂಡಿ ಎರಡು ಹನಿ ಬಿಟ್ಟೆ. ನೀರು ಬೆಳ್ಳಗೆ ಕದಡಿತು. ಬ್ಲಾಸ್ಟಿಂಗ್ ಆದ ಮೇಲೂ ಉಪ್ಪು ಅಲ್ಲೇ ಕೂತಿದೆ! ಮರಳು ಮೇಲಿನ ತುಕ್ಕನ್ನು ಹಾರಿಸುತ್ತದೆ, ಸೂಜಿಮೊನೆಯಂಥ ಗುಂಡಿಯೊಳಗಿನ ಉಪ್ಪನ್ನು ಹಾರಿಸುವುದಿಲ್ಲ. ಅದರ ಮೇಲೆ ಎಂಥ ಪೇಂಟ್ ಹೊಡೆದರೂ ಉಪ್ಪು ಗಾಳಿಯ ತೇವ ಎಳೆದುಕೊಳ್ಳುತ್ತದೆ, ಒಳಗಿಂದಲೇ ಕೆಲಸ ಶುರುವಾಗುತ್ತದೆ. (ಸಿಲ್ವರ್ ನೈಟ್ರೇಟ್ ಬೆರಳಿಗೆ ತಾಗಿದರೆ ವಾರಗಟ್ಟಲೆ ಕಪ್ಪು ಹೋಗುವುದಿಲ್ಲ. ಗ್ಲೌಸ್ ಹಾಕಿ.)

ಅಂದರೆ ಮೊದಲು ಉಪ್ಪು ತೆಗೆಯಬೇಕು. ನಮ್ಮ ಬಾವಿ ನೀರೇ ಬೇಸಿಗೆಯಲ್ಲಿ ಸವಳು, ಪರೀಕ್ಷೆ ಮಾಡಿದರೆ ಅದೇ ಬೆಳ್ಳಗಾಗುತ್ತದೆ. ಅದರಲ್ಲಿ ತೊಳೆದರೆ ಏನು ಉಪಯೋಗ? ಹೆಂಡತಿಯ ತವರು ಶಿರಸಿ ಹತ್ತಿರ. ಅಲ್ಲಿ ಮಳೆಗಾಲದಲ್ಲಿ ಮಾಡಿನಿಂದ ಧೋ ಅಂತ ಸುರಿಯುವ ನೀರಿಗೆ ದುಡ್ಡೂ ಇಲ್ಲ, ಉಪ್ಪೂ ಇಲ್ಲ. 407 ಮಿನಿಲಾರಿ ಬಾಡಿಗೆ ಮಾಡಿ ಚಾಸಿಸ್, ಕ್ಯಾಬಿನ್, ಬಾಗಿಲು ಎಲ್ಲ ದೇವಿಮನೆ ಘಟ್ಟ ಹತ್ತಿಸಿದೆ. ಬಾಡಿಗೆ ಐದು ಸಾವಿರವೋ ಏನೋ. ಎಲ್ಲವನ್ನೂ ಸೂರಿನ ನೀರು ಬೀಳುವ ಕಡೆ, ಕಲ್ಲಿನ ಮೇಲೆ ಓರೆಯಾಗಿ ಇಟ್ಟೆ. ಬರಿ ಕಬ್ಬಿಣ, ಪ್ರೈಮರ್ ಇಲ್ಲ, ಎಣ್ಣೆ ಇಲ್ಲ. ನೋಡಿದವರಿಗೆಲ್ಲ ತಲೆ ಕೆಟ್ಟಿದೆ ಅಂತಲೇ ಅನ್ನಿಸಿದ್ದು. ತುಕ್ಕು ತೆಗೆಯಲು ಹೊರಟವನು ಆಷಾಢದ ಮಳೆಯಲ್ಲಿ ಕಬ್ಬಿಣ ನೆನೆಹಾಕಿದ್ದಾನೆ!

ಸುಮ್ಮನೆ ನೆನೆದರೆ ಮಾತ್ರ ಸಾಲದು. ನೆನೆಯಬೇಕು, ಒಣಗಬೇಕು, ಮತ್ತೆ ನೆನೆಯಬೇಕು. ಒಣಗುವಾಗ ಗುಂಡಿಯ ಆಳದ ಉಪ್ಪು ಮೇಲಕ್ಕೆ ಬರುತ್ತದೆ, ತಂತಿ ಬ್ರಷ್ ಹಾಕಿ ತಿಕ್ಕಿದರೆ ಮುಂದಿನ ಮಳೆ ಅದನ್ನು ಒಯ್ಯುತ್ತದೆ. ಶಿರಸಿಯಲ್ಲಿ ಜುಲೈಯಲ್ಲಿ ಒಂದು ಪಂಚೆ ಒಣಗಿಸುವುದೇ ಕಷ್ಟ, ಇನ್ನು ಚಾಸಿಸ್ ಎಲ್ಲಿಂದ ಒಣಗಬೇಕು? ಮಾವನವರ ಅಡಿಕೆ ಡ್ರೈಯರ್ ಖಾಲಿ ಇತ್ತು. ಬಾಗಿಲು, ಬಾನೆಟ್, ಮಡ್‌ಗಾರ್ಡ್ ಅದರೊಳಗೆ ಹಿಡಿದವು. ಚಾಸಿಸ್ಸಿಗೆ ಮಾತ್ರ ಹಳೇ ತಗಡಿನ ಕೊಳವೆ ಜೋಡಿಸಿ ಬಿಸಿಗಾಳಿ ಬಿಟ್ಟೆ. ಅಡಿಕೆ ಸೀಸನ್ ಶುರುವಾಗುವ ಮುಂಚೆ ಡ್ರೈಯರ್ ಖಾಲಿ ಮಾಡಬೇಕು ಅನ್ನೋದು ಅತ್ತೆಯವರ ಕಟ್ಟಪ್ಪಣೆ. ಪರೀಕ್ಷೆಯ ನೀರು ಕದಡುವುದು ನಿಲ್ಲುವ ತನಕ ಇದೇ ಕೆಲಸ ನಡೆಯಿತು, ಹೆಚ್ಚು ಕಡಿಮೆ ಇಡೀ ಮಳೆಗಾಲ.

ಇನ್ನು ಚೊಗರು. ಅಡಿಕೆ ಬೇಯಿಸಿದ ನೀರು ಮತ್ತೆ ಮತ್ತೆ ಕುದಿದು ಗಟ್ಟಿಯಾದದ್ದು, ಕೆಂಪಡಿಕೆಗೆ ಬಣ್ಣ ಕೊಡುವುದು, ಘಟ್ಟದ ಮೇಲಿನವರಿಗೆ ಹೇಳಬೇಕಾಗಿಲ್ಲ. ಮಾವನವರ ಕೊಟ್ಟಿಗೆಯ ಅಟ್ಟದಲ್ಲಿ ಅವರ ಅಪ್ಪನ ಕಾಲದ, ಅಡಿಕೆ ಸುಲಿಯುವ ಒಂದು ಮೆಟ್ಟುಗತ್ತಿ ಇತ್ತು. ಅಲಗು ಕಡುಕಪ್ಪು. ಪಕ್ಕದಲ್ಲಿದ್ದ ಗುದ್ದಲಿ ತುಕ್ಕು ತಿಂದು ಹಾಳೆಯಾಗಿತ್ತು, ಇದಕ್ಕೆ ಏನೂ ಆಗಿರಲಿಲ್ಲ. ಅಡಿಕೆ ಸುಲಿಯುವವರ ಕೈ ಯಾಕೆ ಕಪ್ಪಾಗುತ್ತದೋ, ಕತ್ತಿಯೂ ಅದಕ್ಕೇ ಕಪ್ಪಾಗಿರುವುದು: ಅಡಿಕೆಯ ಒಗರು, ಅಂದರೆ ಟ್ಯಾನಿನ್. ಕೊರಿಯರಿನಲ್ಲಿ ಬಂದ ಡಬ್ಬಿಯ ಮೇಲೂ ಟ್ಯಾನಿಕ್ ಆಸಿಡ್ ಎಂದೇ ಬರೆದಿತ್ತು. ತುಕ್ಕಿನ ಜೊತೆ ಟ್ಯಾನಿನ್ ಸೇರಿದರೆ ನೀರಿಗೆ ಕರಗದ ಕಪ್ಪು ಪದರ ಆಗುತ್ತದೆ. ಮೂರು ಸಾವಿರ ಕೊಟ್ಟು ತರಿಸಿದ್ದರ ಅಣ್ಣ ಅಟ್ಟದ ಮೇಲೆ ಡಬ್ಬಿಯಲ್ಲಿ ಕೂತಿತ್ತು!

ಮಾಡಿದ್ದು ಹೀಗೆ. ಒಂದು ಪಾಲು ಚೊಗರಿಗೆ ಮೂರು ಪಾಲು ಮಳೆನೀರು, ಬಿಸಿ ಮಾಡಿ ಪಂಚೆ ಬಟ್ಟೆಯಲ್ಲಿ ಸೋಸಿದ್ದು. ಅದಕ್ಕೆ ಸ್ವಲ್ಪ ಫಾಸ್ಫಾರಿಕ್ ಆಸಿಡ್. ಎಷ್ಟು ಅನ್ನೋದು ನನ್ನ ಹತ್ತಿರವೇ ಇರಲಿ, ಹುಡುಕಿಕೊಳ್ಳಲು ನನಗೆ ಹತ್ತಿರ ಹತ್ತಿರ ಒಂದು ಹಳೇ ಬಾನೆಟ್ಟೇ ಖರ್ಚಾಗಿದೆ. ಹುಳಿ ಕಡಿಮೆಯಾದರೆ ಪದರ ಕಂದು ಬಣ್ಣದ್ದಾಗಿ ಪುಡಿ ಪುಡಿ ಏಳುತ್ತದೆ, ಜಾಸ್ತಿಯಾದರೆ ಬಿಳಿ ಬಿಳಿ ಕಲೆ ಬಿಟ್ಟು ಮೇಲಿನ ಪೇಂಟ್ ಹಿಡಿಯುವುದಿಲ್ಲ. ಇನ್ನೊಂದು ಮಾತು, ಹೊಳೆಯುವ ಕಬ್ಬಿಣಕ್ಕೆ ಇದು ಹಿಡಿಯುವುದಿಲ್ಲ. ತೆಳ್ಳಗೆ, ಗಟ್ಟಿಯಾಗಿ ಕೂತ ತುಕ್ಕು ಬೇಕೇ ಬೇಕು. ಬ್ಲಾಸ್ಟಿಂಗಿಗೆ ದುಡ್ಡು ಸುರಿದವರಿಗೆ ಇದು ಹೊಟ್ಟೆ ಉರಿಸುವ ಸಂಗತಿ, ನನಗೂ ಉರಿದಿದೆ. ತೆಳ್ಳಗೆ ಒಂದು ಕೈ ಹಚ್ಚಿ, ಮಾರನೇ ದಿನ ಗೋಣಿತಾಟಿನಿಂದ ಪುಡಿ ಉಜ್ಜಿ, ಇನ್ನೊಂದು ಕೈ. ಸಂಜೆಯೊಳಗೆ ನೀಲಿಗಪ್ಪಾಗಬೇಕು. ಆಯಿತು. ಮಾವನವರು ಬಂದು ಉಗುರಲ್ಲಿ ಕೆರೆದು "ಅಡ್ಡಿಲ್ಲೆ" ಎಂದರು. ಅವರ ಬಾಯಲ್ಲಿ ಅದಕ್ಕಿಂತ ದೊಡ್ಡ ಸರ್ಟಿಫಿಕೇಟ್ ಇಲ್ಲ.

ಆದರೆ ಈ ಕಪ್ಪು ಪದರ ಒಂದೇ ನಮ್ಮ ಮಳೆ ತಡೆಯುವುದಿಲ್ಲ, ಮೇಲೆ ಮುಚ್ಚಿಗೆ ಬೇಕು. ಕಾಣುವ ಕಡೆ ಮಾಮೂಲಿ ರೆಡ್ ಆಕ್ಸೈಡ್, ಅದರ ಮೇಲೆ ಪೇಂಟು. ಕಾಣದ ಕಡೆ, ಅಂದರೆ ಬಾಗಿಲಿನ ಒಳಗೆ, ಫುಟ್‌ಬೋರ್ಡಿನ ಅಡಿಯ ಪೊಳ್ಳಿನಲ್ಲಿ, ಚಾಸಿಸ್ಸಿನ ಮುಚ್ಚಿದ ಜಾಗಗಳಲ್ಲಿ ಗೇರೆಣ್ಣೆ. ಮರದ ದೋಣಿಗೆ ಹಚ್ಚುವುದು ಇದನ್ನೇ ಅಲ್ವಾ? ಉಪ್ಪುನೀರಲ್ಲೇ ದಿನ ಕಳೆಯುವ ದೋಣಿಗೆ ಆಗುವುದು ನನ್ನ ಗಾಡಿಗೆ ಯಾಕಾಗಬಾರದು? ಗೇರುಬೀಜದ ಸಿಪ್ಪೆಯಿಂದ ತೆಗೆಯುವ ಈ ಎಣ್ಣೆ ಬ್ರೇಕ್ ಲೈನರ್ ತಯಾರಿಕೆಗೂ ಹೋಗುತ್ತದೆ, ಗಟ್ಟಿಯಾದ ಮೇಲೆ ಬಿಸಿಗೂ ಜಗ್ಗುವುದಿಲ್ಲ. ಆದರೆ ಹಸಿ ಎಣ್ಣೆ ಚರ್ಮಕ್ಕೆ ತಾಗಿದರೆ ಸುಟ್ಟ ಹಾಗೆ ಬೊಬ್ಬೆ ಏಳುತ್ತದೆ. ಉದ್ದ ತೋಳಿನ ಅಂಗಿ, ದಪ್ಪ ಗ್ಲೌಸ್, ಕಣ್ಣಿಗೆ ಕನ್ನಡಕ ಇಲ್ಲದೆ ಡಬ್ಬಿ ಮುಚ್ಚಳ ತೆಗೆಯಬೇಡಿ. ಹಾಗೇ ಹಚ್ಚಿದರೆ ತಿಂಗಳಾದರೂ ಅಂಟು ಹೋಗುವುದಿಲ್ಲ. ನನ್ನದು ಬೇಗ ಒಣಗಿತು. ಅದಕ್ಕೆ ಬೆರೆಸಿದ್ದೇನು, ಅಷ್ಟು ಉದ್ದದ ಚಾಸಿಸ್ ಒಳಗೆ ಮೂಲೆಮೂಲೆಗೆ ತಲುಪಿಸಿದ್ದು ಹೇಗೆ, ಅದನ್ನು ಮನೆಗೆ ಬಂದು ಚಾ ಕುಡಿದವರಿಗೆ ಮಾತ್ರ ತೋರಿಸುತ್ತೇನೆ.

ನಡುವೆ ಬೇರೆ ಆಟಗಳೂ ಆದವು. ಮೀನೆಣ್ಣೆ ತುಕ್ಕಿಗೆ ಒಳ್ಳೆಯದು ಅನ್ನುವುದು ಸುಳ್ಳಲ್ಲ. ಅಮೆರಿಕದ ರಸ್ಟ್-ಓಲಿಯಂ ಪೇಂಟ್ 1921ರಲ್ಲಿ ಶುರುವಾದದ್ದೇ ಒಬ್ಬ ಹಡಗಿನ ಕ್ಯಾಪ್ಟನ್ ಡೆಕ್ಕಿನ ಮೇಲೆ ಚೆಲ್ಲಿದ ಮೀನೆಣ್ಣೆಯಿಂದ ತುಕ್ಕು ನಿಂತದ್ದನ್ನು ಕಂಡು. ನಾನು ಒಂದು ಬಾಗಿಲಿಗೆ ತಾರ್ಲೆ (ಬೂತಾಯಿ) ಮೀನಿನ ಎಣ್ಣೆ ಬಿಟ್ಟೆ. ತುಕ್ಕು ನಿಂತಿತು, ಕೇರಿಯ ಬೆಕ್ಕುಗಳು ನಿಲ್ಲಲಿಲ್ಲ. ಹೆಂಡತಿ ಆ ಬಾಗಿಲಿನ ಕಡೆ ಕೂರುವುದಿಲ್ಲ ಎಂದಳು. ಸೋಪಿನ ನೀರಲ್ಲಿ ತೊಳೆದು ತೊಳೆದು ಸಾಕಾಯಿತು.

ನಟ್ಟು ಬೋಲ್ಟಿಗೆ ಮುರುಗಲು ಸಿಪ್ಪೆ ನೆನೆಸಿದ ನೀರು. ಎರಡು ದಿನ ಅದ್ದಿಟ್ಟರೆ ತುಕ್ಕು ಕೆಸರಾಗಿ ಉದುರುತ್ತದೆ, ಥ್ರೆಡ್ ಹಾಳಾಗುವುದಿಲ್ಲ. ತೆಗೆದ ಕೂಡಲೇ ಸುಣ್ಣದ ತಿಳಿಯಲ್ಲಿ ಅದ್ದಿ, ಇಲ್ಲದಿದ್ದರೆ ಒರೆಸುವಷ್ಟರಲ್ಲಿ ಮತ್ತೆ ಕೆಂಪಾಗುತ್ತದೆ. ಬಿಂಬಲಿ ಕಾಯಿಯನ್ನೂ ಜಜ್ಜಿ ನೋಡಿದೆ. ಕೆಲಸ ಮಾಡುತ್ತದೆ, ಆದರೆ ಉಪ್ಪಿನಕಾಯಿಗೆ ಇಟ್ಟದ್ದನ್ನು ತೆಗೆದರೆ ಮನೆಯಲ್ಲಿ ಜಗಳ. ದೊಡ್ಡ ಬ್ರಾಕೆಟ್ಟುಗಳಿಗೆ ಬಟ್ಟೆಸೋಡಾ ನೀರು ಮತ್ತು ಬ್ಯಾಟರಿ ಚಾರ್ಜರ್. ತುಕ್ಕು ಹಿಡಿದದ್ದು ಮೈನಸ್ಸಿಗೆ, ಬೇರೆ ಕಬ್ಬಿಣ ಪ್ಲಸ್ಸಿಗೆ ಕಟ್ಟಿ ನೀರಿಗೆ ಕರೆಂಟು ಹಾಯಿಸಿದರೆ ತುಕ್ಕು ಬಿಡುತ್ತದೆ. ಸ್ಟೀಲ್ ಚಮಚ, ಸ್ಟೀಲ್ ತಟ್ಟೆ ಮಾತ್ರ ಪ್ಲಸ್ಸಿಗೆ ಕಟ್ಟಬೇಡಿ, ಅದರಿಂದ ಕ್ರೋಮಿಯಂ ವಿಷ ನೀರಿಗೆ ಇಳಿಯುತ್ತದೆ. ಹಳೇ ಕಬ್ಬಿಣದ ಪಟ್ಟಿ ಸಾಕು.

ಡಾಲಾಕ್ಕೆ ತಗಡು ಹಾಕಿಸಲಿಲ್ಲ. ದೋಣಿ ಕೆಲಸದ ಆಚಾರಿಯೊಬ್ಬರಿಂದ ಮತ್ತಿ ಹಲಗೆ ಹಾಸಿಸಿ ಅದಕ್ಕೂ ಗೇರೆಣ್ಣೆ ಕುಡಿಸಿದೆ. ಹಲಗೆ ನಡುವೆ ಬೆರಳು ತೂರುವಷ್ಟು ಸಂದು ಬಿಟ್ಟಿದ್ದೇವೆ, ನೀರು ನಿಲ್ಲುವುದಿಲ್ಲ.

ದುಡ್ಡಿನ ಲೆಕ್ಕ ಕೇಳುತ್ತೀರಿ, ಗೊತ್ತು. ಗಾಡಿ 46, ಇಂಜಿನ್ 62, ದಂಡವಾದ ಪೇಂಟು-ಬ್ಲಾಸ್ಟಿಂಗ್-ಕನ್ವರ್ಟರ್ ಎಲ್ಲ ಸೇರಿ 70ರ ಹತ್ತಿರ. ಟೈರು, ಬ್ರೇಕು, ಪಟ್ಟಾ (ಸ್ಪ್ರಿಂಗು), ವೈರಿಂಗು, ಸೀಟು ಎಪ್ಪತ್ತು ಚಿಲ್ಲರೆ. ಬಿಳಿ ಬೋರ್ಡಿಗೆ, ಅಂದರೆ ಸ್ವಂತ ಬಳಕೆಯ ಗಾಡಿಯಾಗಿ ಬದಲಾಯಿಸಿ ಆರ್‌ಸಿ ರಿನ್ಯೂ ಮಾಡಿಸಿದ್ದು, ಓಡಾಟ ಎಲ್ಲ ಸೇರಿ ಹನ್ನೆರಡು. 2022ರ ಏಪ್ರಿಲ್‌ನಲ್ಲಿ 15 ವರ್ಷ ದಾಟಿದ ಕಾರಿನಂಥ ಗಾಡಿಗೆ ರಿನ್ಯೂವಲ್ ಫೀಸು 600ರಿಂದ 5,000ಕ್ಕೆ ಏರಿತ್ತು, ಈಗಿನ ದರ ವಿಚಾರಿಸಿಕೊಳ್ಳಿ. ಇನ್ನು ಕೊನೆಗೆ ಫಲ ಕೊಟ್ಟ ಚೊಗರು-ಗೇರೆಣ್ಣೆಯ ಕೆಲಸಕ್ಕೆ, 407 ಬಾಡಿಗೆ ಹಿಡಿದೂ, ಹನ್ನೆರಡು ಸಾವಿರ ದಾಟಲಿಲ್ಲ. ಚೊಗರು ಮಾವನ ಮನೆಯದು, ಪುಕ್ಕಟೆ. ಒಟ್ಟು ಎರಡೂಮುಕ್ಕಾಲು ಲಕ್ಷದ ಆಚೆ ಈಚೆ.

ಓಡಿಸುವ ಖುಷಿ ಬೇರೆಯೇ. ಹೆದ್ದಾರಿ 66ರಲ್ಲಿ ಅರವತ್ತರ ಮೇಲೆ ನಾನು ಹೋಗುವುದಿಲ್ಲ, ಹಿಂದಿನವರು ಹಾರ್ನ್ ಹೊಡೆದು ದಾಟಿಕೊಂಡು ಹೋಗಲಿ. ಇದರ ಜಾಗ ದೇವಿಮನೆ ಘಟ್ಟ. ಕಾಯಿ ಹೇರಿಕೊಂಡು ಎರಡನೇ ಗೇರಿನಲ್ಲಿ ಗುರ್‌ ಗುರ್ ಅಂತ ಹತ್ತುತ್ತದೆ, ಟೆಂಪರೇಚರ್ ಮುಳ್ಳು ಅರ್ಧ ದಾಟುವುದಿಲ್ಲ. ಇಳಿಯುವಾಗಲೂ ಅದೇ ಗೇರು, ಬ್ರೇಕ್ ಮೇಲೆ ಕಾಲಿಟ್ಟು ಕೂತರೆ ಕೆಳಗಿನ ತಿರುವು ಬರುವಷ್ಟರಲ್ಲಿ ಲೈನರ್ ವಾಸನೆ ಬರುತ್ತದೆ. ಮೈಲೇಜ್ ಹನ್ನೊಂದೋ ಹನ್ನೆರಡೋ. ಶಿರಸಿಯ ಚಳಿಗೆ ಬೆಳಿಗ್ಗೆ ಹೀಟರ್ ದೀಪ ಆರುವ ತನಕ ಕಾದರೆ ಒಂದೇ ಏಟಿಗೆ ಸ್ಟಾರ್ಟ್. ಮೇ ತಿಂಗಳಲ್ಲಿ ಅಂಕೋಲೆಗೆ ಹೋಗಿ ಈಶಾಡು ಮಾವಿನಹಣ್ಣು ಹೇರಿಕೊಂಡು ಘಟ್ಟ ಹತ್ತಿಸುವುದು ಈಗ ಪ್ರತಿವರ್ಷದ ಪದ್ಧತಿ. ಡೀಸೆಲ್ ಲೆಕ್ಕ ಹಾಕಿದರೆ ಹಣ್ಣಿನ ರೇಟು ಹೇಳುವ ಹಾಗಿಲ್ಲ.

ಈಗ ಬಾಕಿ ಇರುವುದು ಸ್ಟೇರಿಂಗ್ ಬಾಕ್ಸಿನ ಪ್ಲೇ, ಅಂದರೆ ಸಡಿಲ. ಸುಮೋದ್ದು ಒಂದು ಗುಜರಿಯಲ್ಲಿ ನೋಡಿಟ್ಟಿದ್ದೇನೆ, ರೇಟು ಇನ್ನೂ ಕುದುರಿಲ್ಲ. ಆಗ ನಕ್ಕವರಲ್ಲಿ ಇಬ್ಬರು ತಮ್ಮ ಜೀಪಿಗೆ ಚೊಗರು ಕೇಳಿಟ್ಟಿದ್ದಾರೆ. ಡಬ್ಬಿ ತಳ ಕಂಡಿದೆ, ಮುಂದಿನ ಕೊಯ್ಲು ಮುಗಿದು ಹಂಡೆ ಇಳಿಸುವ ತನಕ ಕಾಯಬೇಕು. ಅಷ್ಟರಲ್ಲಿ ಒಂದು ಮಳೆಗಾಲ ಸಿಗುತ್ತದೆ, ಗಾಡಿ ಬಿಚ್ಚಿ ಸೂರಿನ ಕೆಳಗೆ ಇಡಿ ಅಂತ ಹೇಳಿದ್ದೇನೆ.