ಹಳೇ ಕಾರು: ಕೊಳ್ಳುವ ಬೆಲೆ ಒಂದು, ಓಡಿಸುವ ಖರ್ಚು ಇನ್ನೊಂದು

ಐದು ಸಾವಿರ ಕಡಿಮೆ ಮಾಡಿಸಲು ಎರಡು ಸಂಜೆ ಚೌಕಾಸಿ ಮಾಡುವವರು, ಅದೇ ಗಾಡಿಯ ನಾಲ್ಕು ಟೈರಿಗೆ ಬೇಕಾಗುವ ಹದಿನೆಂಟು ಸಾವಿರದ ಬಗ್ಗೆ ಕೇಳುವುದೇ ಇಲ್ಲ. ‘ಮೈಲೇಜ್ ಎಷ್ಟು ಬರ್ತದ?’ ಎಂಬ ಒಂದೇ ಪ್ರಶ್ನೆಗೆ ವಿಚಾರಣೆ ಮುಗಿಯುತ್ತದೆ. ಮನೆಮಂದಿಗಾಗಿ ತಗೊಳ್ಳುವ ಹಳೇ ಕಾರಿನಲ್ಲಿ ಮೊದಲ ವರ್ಷ ಜೇಬು ಸುಡುವುದು ಬಹುಪಾಲು ಹಿಂದಿನ ಮಾಲೀಕರು ಮಾಡಿಸದೆ ಬಿಟ್ಟ ಕೆಲಸ. ಲೆಕ್ಕ ಅಲ್ಲಿಂದಲೇ ಹಾಕಬೇಕು, ಆದರೆ ಅದಕ್ಕೂ ಮುಂಚೆ ಒಂದು ಸಣ್ಣ ಕೆಲಸವಿದೆ.

1. ನಿಮ್ಮ ಓಡಾಟ ಬರೆದುಕೊಳ್ಳಿ

ಕಲಬುರಗಿಯಲ್ಲಿ ಮನೆ, ಶಾಲೆ, ಆಫೀಸು ಸೇರಿ ದಿನಕ್ಕೆ 12 ಕಿ.ಮೀ. ಎಂದರೆ 300 ದಿನಕ್ಕೆ 3,600. ತಿಂಗಳಿಗೊಮ್ಮೆ ಜೇವರ್ಗಿಗೆ ಹೋಗಿಬಂದರೆ ವರ್ಷಕ್ಕೆ ಸುಮಾರು ಸಾವಿರ. ಎರಡು ಸಲ ಹೈದರಾಬಾದ್, ಸುಮಾರು 900. ಮದುವೆ, ಗಾಣಗಾಪುರ ಎಂದು ಇನ್ನೊಂದು ಸಾವಿರ ಸೇರಿಸಿದರೂ 6,500 ದಾಟುವುದಿಲ್ಲ. ಬಾಯಲ್ಲಿ ಮಾತ್ರ ಎಲ್ಲರೂ ಹದಿನೈದು ಸಾವಿರ ಓಡಿಸುತ್ತಾರೆ.

2. ಡೀಸೆಲ್ ಬೇಕೇ?

ಪೆಟ್ರೋಲ್ 103, ಡೀಸೆಲ್ 91 ರೂಪಾಯಿ ಎಂದಿಟ್ಟುಕೊಳ್ಳಿ (ಕೊಳ್ಳುವ ದಿನದ ದರ ಹಾಕಿ). ಲೀಟರಿಗೆ 16 ಕೊಡುವ ಪೆಟ್ರೋಲ್ ಗಾಡಿಗೆ ಕಿ.ಮೀ.ಗೆ 6.44 ರೂಪಾಯಿ, 20 ಕೊಡುವ ಡೀಸೆಲ್‌ಗೆ 4.55. ಉಳಿತಾಯ 1.89. ವರ್ಷಕ್ಕೆ 8,000 ಕಿ.ಮೀ. ಓಡಿಸಿದರೆ ಉಳಿಯುವುದು 15,100. ಡೀಸೆಲ್ ಸರ್ವಿಸ್‌ಗೆ ನಾಲ್ಕು ಸಾವಿರ ಹೆಚ್ಚು ಕಳೆದರೆ 11,100. ಅದೇ ಮಾದರಿಯ ಡೀಸೆಲ್ ಗಾಡಿಗೆ 1.2 ಲಕ್ಷ ಜಾಸ್ತಿ ಕೊಟ್ಟಿದ್ದರೆ ಅದು ಮರಳಲು ಹೆಚ್ಚುಕಡಿಮೆ ಹನ್ನೊಂದು ವರ್ಷ ಬೇಕು. ವರ್ಷಕ್ಕೆ 25,000 ಓಡಿಸುವವರಿಗೆ ಮೂರು ವರ್ಷ ಸಾಕು. ಹತ್ತು ಸಾವಿರದೊಳಗೆ ಓಡಿಸುವವರು ಪೆಟ್ರೋಲ್ ಬಿಟ್ಟು ಬೇರೆ ಯೋಚನೆ ಮಾಡಬೇಡಿ.

2020ರ ಏಪ್ರಿಲ್ ನಂತರದ, ಹೊಸ ಹೊಗೆ ನಿಯಮದ ಬಿಎಸ್‌6 ಡೀಸೆಲ್ ಆದರೆ ಇನ್ನೊಂದು ತೊಡಕಿದೆ. ಹೊಗೆಯ ಮಸಿ ಹಿಡಿಯುವ ಡಿಪಿಎಫ್ ಫಿಲ್ಟರ್ ಆ ಮಸಿಯನ್ನು ತಾನೇ ಸುಟ್ಟು ಶುದ್ಧವಾಗಲು ಗಾಡಿ ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಹದಿನೈದು ಇಪ್ಪತ್ತು ನಿಮಿಷ ಓಡಬೇಕು. ಕಲಬುರಗಿಯ ಸೂಪರ್ ಮಾರ್ಕೆಟ್‌ನಿಂದ ಸೇಡಂ ರಸ್ತೆವರೆಗಿನ ತಿರುಗಾಟದಲ್ಲಿ ಅದು ಕಟ್ಟಿಕೊಳ್ಳುತ್ತದೆ. ‘ಡಿಪಿಎಫ್ ತೆಗೆಸಿಬಿಡಿ’ ಎನ್ನುವ ಮಿಸ್ತ್ರಿಯ ಮಾತು ಕೇಳಬೇಡಿ. ಅದು ಕಾನೂನಿಗೂ ವಿರುದ್ಧ, ಮಾರುವಾಗಲೂ ತಲೆನೋವು.

ಸಿಎನ್‌ಜಿ ಕಿಟ್ ಇದ್ದರೆ ಆರ್‌ಸಿಯಲ್ಲಿ ನಮೂದಾಗಿದೆಯೇ, ಸಿಲಿಂಡರಿನ ಮೂರು ವರ್ಷಕ್ಕೊಮ್ಮೆಯ ಹೈಡ್ರೋ ಟೆಸ್ಟ್ (ಒತ್ತಡ ತಡೆಯುತ್ತದೆಯೇ ಎಂಬ ಪರೀಕ್ಷೆ) ಆಗಿದೆಯೇ, ನಿಮ್ಮ ದಾರಿಯಲ್ಲಿ ಪಂಪ್ ಇದೆಯೇ ನೋಡಿ. ಮೂರಕ್ಕೂ ‘ಹೌದು’ ಬರದಿದ್ದರೆ ಬಿಡಿ.

3. ಬಾಕಿ ಕೆಲಸದ ಪಟ್ಟಿ: ಎಲ್ಲರೂ ಎಡವುವುದು ಇಲ್ಲಿ

ಗಾಡಿಯನ್ನು ಬೆಳಿಗ್ಗೆ ನೋಡಿ. ನೀವು ಬರುವ ಮುಂಚೆ ಸ್ಟಾರ್ಟ್ ಮಾಡಬೇಡಿ ಎಂದು ಮೊದಲೇ ಹೇಳಿ. ಬಾನೆಟ್ ಮುಟ್ಟಿದಾಗ ಬಿಸಿ ಇದ್ದರೆ ಸಂಶಯ ಪಡಿ.

ಎಂಜಿನ್ ತಣ್ಣಗಿರುವಾಗಲೇ ಕೂಲಂಟ್ ಮುಚ್ಚಳ ತೆಗೆಯಿರಿ. ಹಸಿರು, ಗುಲಾಬಿ ಅಥವಾ ನೀಲಿ ಇರಬೇಕು. ತುಕ್ಕಿನ ಕಂದು ಬಣ್ಣ ಕಂಡರೆ ಬೋರ್ ನೀರು ಹಾಕಿ ಓಡಿಸಿರಬಹುದು. ನಮ್ಮ ಕಡೆಯ ಗಡಸು ನೀರು ರೇಡಿಯೇಟರಿನ ಸಣ್ಣ ಕೊಳವೆಗಳಲ್ಲಿ ಸುಣ್ಣದ ಪದರ ಕಟ್ಟುತ್ತದೆ. ಚಳಿಗಾಲದಲ್ಲಿ ತಿಳಿಯುವುದಿಲ್ಲ. ಮೇ ತಿಂಗಳ ಬಿಸಿಲಿನಲ್ಲಿ ಎಸಿ ಹಾಕಿಕೊಂಡು ಹುಮನಾಬಾದ್ ಕಡೆ ಹೊರಟಾಗ ಮುಳ್ಳು ಕೆಂಪಿಗೆ ಏರುತ್ತದೆ, ಹೆಡ್ ಗ್ಯಾಸ್ಕೆಟ್ (ಎಂಜಿನ್ ತಲೆಭಾಗದ ಕೆಳಗಿನ ಸೀಲು) ಹೋಗುತ್ತದೆ. ಸಣ್ಣ ಪೆಟ್ರೋಲ್ ಗಾಡಿಗೂ 15ರಿಂದ 25 ಸಾವಿರ. ಎಂಜಿನ್ ಆಯಿಲ್ ಮುಚ್ಚಳದ ಒಳಗೆ ಹಾಲಿನಂಥ ಕೆನೆ ಕಂಡರೆ ಆಯಿಲಿಗೆ ನೀರು ಸೇರಿರಬಹುದು. ಮಿಸ್ತ್ರಿಗೆ ತೋರಿಸದೆ ಮುಂಗಡ ಕೊಡಬೇಡಿ. ಸೋರಿಕೆ ನಿಲ್ಲಿಸುತ್ತದೆಂದು ಅಂಗಡಿಯಲ್ಲಿ ಮಾರುವ ದ್ರಾವಣ ಮಾತ್ರ ಯಾವತ್ತೂ ಹಾಕಬೇಡಿ, ತೂತಿನ ಜೊತೆ ಒಳ್ಳೆಯ ಕೊಳವೆಯನ್ನೂ ಅದು ಮುಚ್ಚುತ್ತದೆ.

ಟೈರಿನ ಹೊಳಪು ನೋಡಬೇಡಿ, ಅದು ಪಾಲಿಶ್. ಪಕ್ಕದ ಗೋಡೆಯ ಮೇಲೆ ‘2319’ ಎಂಬಂಥ ನಾಲ್ಕಂಕಿ ಹುಡುಕಿ. ಅಂದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಆರು ವರ್ಷ ದಾಟಿದ್ದರೆ ಟೈರಿನ ಗೀರು ಎಷ್ಟೇ ಆಳವಿದ್ದರೂ ಬದಲಿಸುವ ಲೆಕ್ಕ ಹಿಡಿಯಿರಿ. ಈ ಬಿಸಿಲಿಗೆ ರಬ್ಬರ್ ಬೇಗ ಗಟ್ಟಿಯಾಗಿ ಬಿರುಕು ಬಿಡುತ್ತದೆ. ಸ್ಟೆಪ್ನಿಯನ್ನೂ ಸೇರಿಸಿ ಐದನ್ನೂ ನೋಡಿ. 14 ಇಂಚಿನ ನಾಲ್ಕಕ್ಕೆ ಸುಮಾರು 18 ಸಾವಿರ, 16 ಇಂಚಿಗೆ 30 ಸಾವಿರ ದಾಟುತ್ತದೆ. ಒಳ ಅಂಚು ಮಾತ್ರ ಸವೆದಿದ್ದರೆ ಅಲೈನ್‌ಮೆಂಟ್ ಅಥವಾ ಸಸ್ಪೆನ್ಷನ್ ಕೆಲಸ ಬಾಕಿಯಿದೆ.

ಎರೆಭೂಮಿಯ ರಸ್ತೆಯಲ್ಲಿ ಓಡಿದ ಗಾಡಿಯ ಸಸ್ಪೆನ್ಷನ್‌ನಲ್ಲಿ ಬುಷ್ (ರಬ್ಬರ್ ಬಳೆ), ಲಿಂಕ್ ರಾಡ್ ಮೊದಲು ಸಾಯುತ್ತವೆ. ಒಂದೇ ಬದಿಯ ಚಕ್ರವನ್ನು ಹಂಪ್ ಮೇಲೆ ನಿಧಾನ ಹತ್ತಿಸಿ, ಕಿಟಕಿ ಇಳಿಸಿ ಕೇಳಿ. ‘ಕಟ ಕಟ’ ಎಂದರೆ ಒಂದೆರಡು ಸಾವಿರದ ಮಾತು. ಹಾರಿ ‘ದಬ್’ ಎಂದು ಕೂತು ಮತ್ತೆ ತೂಗಿದರೆ ಶಾಕ್ ಅಬ್ಸಾರ್ಬರ್. ಮುಂದಿನ ಜೋಡಿಗೆ 5ರಿಂದ 8 ಸಾವಿರ.

ಕ್ಲಚ್‌ಗೆ: ನಾಲ್ಕನೇ ಗೇರಿನಲ್ಲಿ ನಲವತ್ತರ ವೇಗದಲ್ಲಿ ಆಕ್ಸಿಲರೇಟರ್ ಪೂರ್ತಿ ಒತ್ತಿ. ಎಂಜಿನ್ ಸದ್ದು ಏರಿ ವೇಗ ಏರದಿದ್ದರೆ ಕ್ಲಚ್ ಜಾರುತ್ತಿದೆ. ಸಣ್ಣ ಗಾಡಿಗೆ ಏಳೆಂಟು ಸಾವಿರ, ಡ್ಯುಯಲ್ ಮಾಸ್ ಫ್ಲೈವೀಲ್ (ಎಂಜಿನ್ ನಡುಕ ತಗ್ಗಿಸುವ ಜೋಡಿ ಚಕ್ರ) ಇರುವ ಡೀಸೆಲ್‌ಗೆ ಅದರ ನಾಲ್ಕು ಪಟ್ಟು.

ವಾಲ್ವ್‌ಗಳ ಓಟವನ್ನು ಪಿಸ್ಟನ್ ಓಟಕ್ಕೆ ಹೊಂದಿಸುವುದು ಟೈಮಿಂಗ್ ಬೆಲ್ಟೋ ಚೈನೋ ಕೇಳಿ. ಮಾರುತಿಯ 1.2 ಕೆ ಸರಣಿಯ ಪೆಟ್ರೋಲ್‌ಗೂ ಹಳೇ ಸ್ವಿಫ್ಟ್‌ನ 1.3 ಡೀಸೆಲ್‌ಗೂ ಚೈನ್, ಡಸ್ಟರ್‌ನ 1.5 ಡೀಸೆಲ್‌ಗೆ ಬೆಲ್ಟ್. ಬೆಲ್ಟ್ ಬದಲಿಸಿದ ಬಿಲ್ ಇಲ್ಲದಿದ್ದರೆ ಬದಲಿಸಿಲ್ಲ ಎಂದೇ ತಿಳಿಯಿರಿ, ಕಡಿದರೆ ವಾಲ್ವ್‌ಗಳು ಪಿಸ್ಟನ್‌ಗೆ ಬಡಿದು ಬಾಗುತ್ತವೆ.

ಕೊನೆಗೆ ಎಸಿ. ಮಧ್ಯಾಹ್ನ ಬಿಸಿಲಲ್ಲಿ ನಿಲ್ಲಿಸಿ, ಎಂಜಿನ್ ಐಡಲ್‌ನಲ್ಲಿಟ್ಟು ಹತ್ತು ನಿಮಿಷ ಓಡಿಸಿ. ತಂಪು ಬರದಿದ್ದರೆ ಮಾರುವವರು ‘ಗ್ಯಾಸ್ ತುಂಬಿಸಿದ್ರೆ ಆಯ್ತು’ ಎನ್ನುತ್ತಾರೆ. ಸೋರದೆ ಗ್ಯಾಸ್ ಕಡಿಮೆಯಾಗುವುದಿಲ್ಲ. ಸೋರುತ್ತಿರುವುದು ಡ್ಯಾಶ್‌ಬೋರ್ಡ್ ಒಳಗಿನ ಕಾಯಿಲ್ ಆದರೆ ಡ್ಯಾಶ್‌ಬೋರ್ಡೇ ಬಿಚ್ಚಬೇಕು, ಹತ್ತು ಸಾವಿರ ಹಿಡಿಯಿರಿ.

ಇದನ್ನೆಲ್ಲ ಕೂಡಿಸಿದ ಮೊತ್ತ ಹಿಡಿದು ಚೌಕಾಸಿಗೆ ಕೂರಿ.

4. ಬಿಡಿಭಾಗ ಎಲ್ಲಿ ಸಿಗುತ್ತದೆ?

ಯಾದಗಿರಿ, ಬೀದರ್‌ನವರಿಗೆ ಇದು ದೊಡ್ಡ ಖರ್ಚು. ಶೆವರ್ಲೆ 2017ರ ಕೊನೆಗೆ ಇಲ್ಲಿ ಮಾರಾಟ ನಿಲ್ಲಿಸಿತು. ಫೋರ್ಡ್ 2021ರಲ್ಲಿ ದೇಶದಲ್ಲಿ ಕಾರು ತಯಾರಿಕೆ ನಿಲ್ಲಿಸುವುದಾಗಿ ಪ್ರಕಟಿಸಿತು. ಗಾಡಿ ಗಟ್ಟಿ, ಬೆಲೆಯೂ ಅಗ್ಗ. ಆದರೆ ಒಂದು ಸೆನ್ಸರಿಗಾಗಿ ಹೈದರಾಬಾದ್‌ಗೆ ಹೋಗಿಬರುವ ಖರ್ಚು, ಗಾಡಿ ನಿಂತ ದಿನಗಳು ಸೇರಿದರೆ ಆ ಅಗ್ಗ ಉಳಿಯುವುದಿಲ್ಲ. ನಿಮ್ಮೂರಿನ ಮಿಸ್ತ್ರಿ ಬಿಚ್ಚಿ ಗೊತ್ತಿರುವ ಗಾಡಿಯನ್ನೇ ಕೊಳ್ಳಿ.

5. ಹೊರರಾಜ್ಯದ ಪಾಸಿಂಗ್, ವಿಮೆ

ಹೈದರಾಬಾದ್, ಸೋಲಾಪುರದ ಗಾಡಿ ಐವತ್ತು ಸಾವಿರ ಕಡಿಮೆ ಎಂದು ತರುತ್ತಾರೆ. ಎನ್‌ಒಸಿ (ಆ ರಾಜ್ಯದ ಆರ್‌ಟಿಒ ಕೊಡುವ ನಿರಾಕ್ಷೇಪಣಾ ಪತ್ರ) ತಂದು, ಇಲ್ಲಿ ಆಜೀವ ತೆರಿಗೆ ಕಟ್ಟಿ ಕೆಎ-32, 33 ಅಥವಾ 38 (ಕಲಬುರಗಿ, ಯಾದಗಿರಿ, ಬೀದರ್) ನಂಬರ್ ಪಡೆಯಬೇಕು. ತೆರಿಗೆ ಎಷ್ಟಾಗುತ್ತದೆಂದು ಆರ್‌ಟಿಒ ಕಚೇರಿಯಲ್ಲೇ ಕೇಳಿ, ಏಜೆಂಟ್ ಬಾಯಿಲೆಕ್ಕ ನಂಬಬೇಡಿ. ‘ಹಂಗೇ ಓಡಿಸ್ರಿ, ಯಾರೂ ಹಿಡಿಯಲ್ಲ’ ಎನ್ನುವವರು ದಂಡ ಕಟ್ಟಲು ಬರುವುದಿಲ್ಲ. ಹದಿನೈದು ವರ್ಷ ಮುಟ್ಟಲು ಬಂದ ಗಾಡಿಯಾದರೆ ಆರ್‌ಸಿ ನವೀಕರಣಕ್ಕೆ 5,000 ರೂಪಾಯಿ ಶುಲ್ಕವನ್ನೂ ಸೇರಿಸಿ.

ವಿಮೆಯಲ್ಲಿ ಎಂಜಿನ್ ಗಾತ್ರ ನೋಡಿ. 2022ರ ಜೂನ್‌ನಲ್ಲಿ ಜಾರಿಯಾದ ಥರ್ಡ್ ಪಾರ್ಟಿ (ಎದುರಿನವರ ನಷ್ಟಕ್ಕೆ ಇರುವ ಕಡ್ಡಾಯ ವಿಮೆ) ದರದಂತೆ 1000 ಸಿಸಿವರೆಗೆ 2,094, 1500 ಸಿಸಿವರೆಗೆ 3,416, ಅದರ ಮೇಲೆ 7,897 ರೂಪಾಯಿ; ಜಿಎಸ್‌ಟಿ ಬೇರೆ. ಮಾರುವವರ ನೋ ಕ್ಲೇಮ್ ಬೋನಸ್ (ಕ್ಲೇಮ್ ಮಾಡದ ವರ್ಷಗಳಿಗೆ ಸಿಗುವ ರಿಯಾಯಿತಿ) ಅವರ ಜೊತೆಗೇ ಹೋಗುತ್ತದೆ, ಗಾಡಿ ಜೊತೆ ಬರುವುದಿಲ್ಲ. ಅವರು ಈಗ ಕಟ್ಟುತ್ತಿರುವ ಕಂತನ್ನೇ ನಿಮ್ಮ ಲೆಕ್ಕಕ್ಕೆ ಹಿಡಿಯದೆ ಹೊಸದಾಗಿ ದರ ಕೇಳಿ, ಗಾಡಿ ಕೈಗೆ ಬಂದ 14 ದಿನದೊಳಗೆ ಪಾಲಿಸಿಯನ್ನು ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ.